ತೀರ್ಪು ಬದಲಾದ ಸುದ್ದಿ ಆ ತಾಯಿಗೆ ಸಂತೆಯಲ್ಲಿ ತಿಳಿಯಬಾರದಿತ್ತು

ಕರ್ನಾಟಕ ಸರ್ಕಾರದ ಮಾನ್ಯ ಕಾನೂನು ಸಚಿವರಿಗೆ, ಮಾನ್ಯ ಗೃಹ ಸಚಿವರಿಗೆ ಹಾಗೂ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಹಿರಿಯರಿಗೆ,

ನಮಸ್ಕಾರ.

ನಾನು ಜಿಲ್ಲಾ ಕೋರ್ಟುಗಳಲ್ಲಿ ಮೂವತ್ತು ವರ್ಷ ಶೀಘ್ರಲಿಪಿಗಾರ್ತಿಯಾಗಿ ದುಡಿದು ನಿವೃತ್ತಳಾದವಳು. ಜಡ್ಜ್ ಸಾಹೇಬರು ಹೇಳುತ್ತಾ ಹೋಗುತ್ತಿದ್ದರು, ನಾನು ಬರೆದುಕೊಂಡು ಟೈಪ್ ಮಾಡುತ್ತಿದ್ದೆ. ಕೊಲೆ ಕೇಸಿನ ತೀರ್ಪುಗಳ ಕೊನೆಯಲ್ಲಿ ಒಂದು ಸಾಲು ಬರುತ್ತದೆ. ‘ಮುದ್ದೆಮಾಲುಗಳು ಬೆಲೆಯಿಲ್ಲದವಾದ್ದರಿಂದ ಅಪೀಲು ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು.’ ಇದನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಮುದ್ದೆಮಾಲು ಅಂದರೆ ಕೇಸಿನಲ್ಲಿ ಜಪ್ತಿ ಮಾಡಿದ ವಸ್ತು. ರಕ್ತ ಹತ್ತಿದ ಅಂಗಿ, ಮಚ್ಚು, ಒಂದು ಜೊತೆ ಚಪ್ಪಲಿ, ಡಬ್ಬಿಯಲ್ಲಿ ಒಂದು ಹಿಡಿ ಮಣ್ಣು. ಈ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗೆ ಟೈಪ್ ಮಾಡಿದ ಒಂದು ತೀರ್ಪಿನಲ್ಲಿ ಒಬ್ಬ ಯುವಕನಿಗೆ ಜೀವಾವಧಿ ಶಿಕ್ಷೆ ಆಯಿತು. ಸತ್ತವನು ಅವನದೇ ಊರಿನ ಹುಡುಗ. ಸತ್ತ ಹುಡುಗನ ತಾಯಿಯೇ ಮುಖ್ಯ ಸಾಕ್ಷಿ. ಹಿಂದಿನ ದಿನ ಸಂಜೆ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿದ್ದನ್ನು ಅವರು ನೋಡಿದ್ದರು. ಕಟಕಟೆಯಲ್ಲಿ ನಿಂತು, ಸೆರಗಿನಿಂದ ಬಾಯಿ ಒತ್ತಿಕೊಂಡು ಅವರು ಹೇಳಿದ್ದನ್ನು ನಾನೇ ಬರೆದುಕೊಂಡಿದ್ದೆ. ದಂಡದ ಹಣದಲ್ಲಿ 25,000 ರೂಪಾಯಿ ಮೃತನ ತಾಯಿಗೆ ಕೊಡಬೇಕು ಅಂತ ಆದೇಶ ಆಗಿತ್ತು. ಅದನ್ನೂ ಟೈಪ್ ಮಾಡಿದವಳು ನಾನೇ.

ಒಂಬತ್ತು ವರ್ಷ ಕಳೆಯಿತು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನ್ನ ತೋಳು ಹಿಡಿದರು. “ಅಮ್ಮಾವ್ರೆ, ನೀವು ಕೋರ್ಟಲ್ಲಿ ಟೈಪ್ ಮಾಡ್ತಿದ್ದೋರು ಅಲ್ವ್ರಾ?” ಅಂದರು. ನನಗೆ ತಕ್ಷಣ ಗುರುತು ಸಿಗಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಗನ ಹೆಸರು ಹೇಳಿದ ಮೇಲೆ ಗೊತ್ತಾಯಿತು.

ಅವರು ಹೇಳಿದ್ದು ಇಷ್ಟು. ಹಿಂದಿನ ವಾರ ಸಂತೆಗೆ ಹೋಗಿದ್ದಾರೆ. ಈರುಳ್ಳಿ ರಾಶಿಯ ಮುಂದೆ ಆ ಯುವಕ ಕುಕ್ಕರುಗಾಲಲ್ಲಿ ಕೂತು ಈರುಳ್ಳಿ ಆರಿಸುತ್ತಿದ್ದ. ಜೈಲಿನಿಂದ ತಪ್ಪಿಸಿಕೊಂಡು ಬಂದಿದ್ದಾನೆ ಅಂತ ಅವರಿಗೆ ಅನಿಸಿತು. ಸಂತೆ ಚೀಲ ಹಿಡಿದುಕೊಂಡೇ ಪೊಲೀಸ್ ಸ್ಟೇಷನ್ನಿಗೆ ಓಡಿದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಪೊಲೀಸ್ ಹುಡುಗ ಫೋನ್ ಮಾಡಿ ವಿಚಾರಿಸಿ ಹೇಳಿದ: “ಅವ್ನನ್ನ ಹೈಕೋರ್ಟು ಬಿಟ್ಟು ನಾಲ್ಕು ತಿಂಗಳಾಯ್ತು ಅಜ್ಜಿ. ನಿಂಗೆ ಯಾರೂ ಹೇಳಿಲ್ವಾ?”

ಯಾರೂ ಹೇಳಿರಲಿಲ್ಲ. ಅಪೀಲು ಹಾಕಿದ್ದಾಗಲಿ, ಅದು ವಿಚಾರಣೆಗೆ ಬಂದಿದ್ದಾಗಲಿ, ತೀರ್ಪು ಬಂದಿದ್ದಾಗಲಿ ಅವರಿಗೆ ಗೊತ್ತೇ ಇರಲಿಲ್ಲ. ಆ ಪೊಲೀಸ್ ಹುಡುಗನ ಮೇಲೆ ನನಗೆ ಕೋಪವಿಲ್ಲ. ಪಾಪ, ಅವನಾದರೂ ಕೂರಿಸಿ ನೀರು ಕೊಟ್ಟನಂತೆ. ಹೇಳುವುದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ, ಅದೇ ತೊಂದರೆ.

“ಅವ್ನಲ್ವಂತೆ ಅಮ್ಮಾವ್ರೆ. ಹಂಗಾರೆ ಯಾರು?” ಅಂತ ಆ ತಾಯಿ ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸು ಬಂತು, ಹತ್ತಿ ಹೋದರು. ಅವತ್ತಿನಿಂದ ಈ ಪತ್ರ ನನ್ನ ತಲೆಯಲ್ಲಿ ಕೂತಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಯುವಕನನ್ನು ಬಿಟ್ಟಿದ್ದು ತಪ್ಪು ಅಂತ ನಾನು ಬರೆಯುತ್ತಿಲ್ಲ. ಹೈಕೋರ್ಟ್ ತೀರ್ಪನ್ನು ತೆಗೆಸಿ ಓದಿದೆ. ಎರಡು ಸಲ ಓದಿದೆ. ಮಚ್ಚು ಸಿಕ್ಕಿತು ಅನ್ನುವ ಪಂಚನಾಮೆಗೆ, ಸಿಕ್ಕ ಜಾಗದಲ್ಲೇ ನೋಡಿ ಸಹಿ ಹಾಕಬೇಕಾದ ಪಂಚರು, ಅಂದರೆ ಸಾಕ್ಷಿಗಳು, ಸ್ಟೇಷನ್ನಿನಲ್ಲೇ ಕೂತು ಸಹಿ ಹಾಕಿದ್ದರು. ಬಟ್ಟೆಯ ಮೇಲಿನ ರಕ್ತ ಯಾರದ್ದು ಅಂತ ತೀರ್ಮಾನ ಆಗಿರಲೇ ಇಲ್ಲ. ಉಳಿದಿದ್ದು ‘ಕೊನೆಯ ಸಲ ಜೊತೆಯಲ್ಲಿ ಕಂಡರು’ ಅನ್ನುವ ಒಂದೇ ಮಾತು. ಅದರ ಮೇಲೆ ಒಬ್ಬ ಮನುಷ್ಯನನ್ನು ಜೀವಮಾನವಿಡೀ ಒಳಗೆ ಹಾಕಲು ಬರುವುದಿಲ್ಲ. ಅವನು ಒಂಬತ್ತು ವರ್ಷ ಕಳೆದುಕೊಂಡ. ಒಳಗಿದ್ದಾಗಲೇ ಅವನ ತಾಯಿ ತೀರಿಕೊಂಡರು. ಕೇಸಿನ ಖರ್ಚಿಗೆ ಇದ್ದ ಒಂದೂಕಾಲು ಎಕರೆ ಹೋಯಿತು. ಅವನಿಗೆ ಸಿಗಬೇಕಾದ್ದು ಸಿಗಬೇಕು. 2018ರಲ್ಲೇ ಭಾರತದ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಇಂಥವರಿಗೆ ಪರಿಹಾರ ಕೊಡಲು ಕಾನೂನು ಬೇಕು ಅಂತ ಹೇಳಿದೆ. ಆ ಕಾನೂನು ಬರಲಿ ಅಂತ ನಾನೂ ಬೇಡಿಕೊಳ್ಳುತ್ತೇನೆ.

ಆದರೆ ಅವತ್ತು ಬೀದಿಗೆ ಬಿದ್ದ ಮನೆಗಳು ಎರಡು. ಒಂದರ ಕಡೆಗೆ ಯಾರಾದರೂ ನೋಡುತ್ತಾರೆ, ಇನ್ನೊಂದರ ಕಡೆಗೆ ಯಾರೂ ತಿರುಗಿಯೂ ನೋಡುವುದಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ನೊಯ್ಡಾದ ನಿಠಾರಿ ನಿಮಗೆ ನೆನಪಿರಬಹುದು. 2006ರ ಡಿಸೆಂಬರ್ ಕೊನೆಯಲ್ಲಿ ಸೆಕ್ಟರ್ 31ರ ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಮಕ್ಕಳ ಮೂಳೆಗಳು ಸಿಕ್ಕವು. ಊರು ಬಿಟ್ಟು ದುಡಿಯಲು ಬಂದ ಬಡವರ ಮಕ್ಕಳು. ಕಾಣೆಯಾಗಿದ್ದಾರೆ ಅಂತ ಅಪ್ಪ ಅಮ್ಮಂದಿರು ಪೊಲೀಸರ ಹತ್ತಿರ ಅಲೆದು ಸಾಕಾಗಿದ್ದರು. ಆ ಮನೆಯ ಕೆಲಸದವನಿಗೆ ಒಂದಾದ ಮೇಲೆ ಒಂದು ಕೇಸಿನಲ್ಲಿ ಮರಣದಂಡನೆ ಆಯಿತು. 2023ರ ಅಕ್ಟೋಬರ್ 16ರಂದು ಅಲಹಾಬಾದ್ ಹೈಕೋರ್ಟ್ ಅವನನ್ನು 12 ಕೇಸುಗಳಲ್ಲಿ ಖುಲಾಸೆ ಮಾಡಿತು. ತನಿಖೆ ನಡೆದ ರೀತಿಗೆ ಛೀಮಾರಿ ಹಾಕಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಒಂದು ಕೇಸಿನಲ್ಲೂ ಅವನನ್ನು ಬಿಟ್ಟಿತು. ನಿಜವಾದ ಅಪರಾಧಿ ಯಾರು ಅಂತ ಇಷ್ಟು ವರ್ಷವಾದರೂ ಕಾನೂನು ಒಪ್ಪುವ ರೀತಿಯಲ್ಲಿ ಗೊತ್ತಾಗಲಿಲ್ಲವಲ್ಲ ಅಂತ ಕೋರ್ಟೇ ವಿಷಾದಪಟ್ಟಿತು. ಒಬ್ಬ ತಾಯಿಯ ಜಾಗದಲ್ಲಿ ನಿಂತು ಯೋಚನೆ ಮಾಡಿ. ಮಗು ಹೋಗಿ ಸುಮಾರು ಹತ್ತೊಂಬತ್ತು ವರ್ಷ. ಅಷ್ಟೂ ದಿನ ಮನಸ್ಸಿನಲ್ಲಿ ಒಂದು ಮುಖ ಇಟ್ಟುಕೊಂಡು ಶಾಪ ಹಾಕಿದ್ದಾಳೆ. ಈಗ ಆ ಮುಖವೂ ಇಲ್ಲ.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದ್ದು ನಾಸಿಕ್ ಕಡೆಯ ಕೇಸು. 2003ರ ಜೂನ್ ತಿಂಗಳು. ಹೊಲದ ಗುಡಿಸಲಿನಲ್ಲಿದ್ದ ಒಂದು ಕುಟುಂಬದ ಮೇಲೆ ರಾತ್ರಿ ದಾಳಿ ಆಯಿತು. ಐದು ಜನ ಸತ್ತರು. ತಾಯಿಯ ಮೇಲೆ ಅತ್ಯಾಚಾರ ಮಾಡಿ, ಸತ್ತಳು ಅಂತ ಬಿಟ್ಟು ಹೋದರು. ಆಕೆ ಬದುಕಿದರು. ಅಲೆಮಾರಿ ಸಮುದಾಯದ ಆರು ಜನರನ್ನು ಹಿಡಿದರು. ಕೆಳಗಿನ ಕೋರ್ಟು ಆರೂ ಜನಕ್ಕೆ ಮರಣದಂಡನೆ ಕೊಟ್ಟಿತು. ಹೈಕೋರ್ಟು ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆರೂ ಜನಕ್ಕೆ ಮರಣದಂಡನೆ ಅಂದಿತು. ಹತ್ತು ವರ್ಷವಾದ ಮೇಲೆ, 2019ರ ಮಾರ್ಚ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರಪರಾಧಿಗಳು ಅಂತ ಬಿಡುಗಡೆ ಮಾಡಿತು. ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಮಹಾರಾಷ್ಟ್ರ ಸರ್ಕಾರಕ್ಕೆ ಹೇಳಿತು.

ಆ ತೀರ್ಪಿನಲ್ಲಿ ಒಂದು ವಿಷಯ ಇದೆ. ಘಟನೆಯ ಬೆನ್ನಿಗೇ ಆ ತಾಯಿಗೆ ಪೊಲೀಸರ ಫೋಟೋ ಆಲ್ಬಮ್ ತೋರಿಸಿದ್ದರು. ಆಕೆ ಅದರಲ್ಲಿ ನಾಲ್ಕು ಜನರನ್ನು ಗುರುತು ಹಿಡಿದಿದ್ದರು. ಆ ನಾಲ್ವರು ಬೇರೆಯೇ ಜನ. ಅವರ ಬಗ್ಗೆ ತನಿಖೆಯೇ ನಡೆಯಲಿಲ್ಲ. ಆಕೆ ಮೊದಲು ಹೇಳಿದ ಮಾತನ್ನು ಬದಿಗಿಟ್ಟು, ಬೇರೆ ಆರು ಜನರನ್ನು ಅವರ ಮುಂದೆ ತಂದು ನಿಲ್ಲಿಸಿದರು. ಹದಿನಾರು ವರ್ಷವಾದ ಮೇಲೆ ಕೋರ್ಟು ಆಕೆಯ ಗುರುತಿಸುವಿಕೆಯನ್ನು ನಂಬಲು ಆಗುವುದಿಲ್ಲ ಅಂತ ಬರೆಯಬೇಕಾಯಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿ. ಆದರೆ ಅದನ್ನು ಓದಿಸಿಕೊಂಡು ಕೇಳುವ ಆ ಹೆಣ್ಣುಮಗಳಿಗೆ ಹೇಗಾಗಬೇಡ? ನೀನು ಸುಳ್ಳು ಹೇಳಿದೆ ಅಂದ ಹಾಗೆ ಕೇಳಿಸುತ್ತದೆ ಅಲ್ವಾ? ಯಾರಾದರೂ ಹತ್ತಿರ ಕೂತು, ಅವ್ವಾ, ತಪ್ಪು ನಿನ್ನದಲ್ಲ, ನೀನು ಮೊದಲು ಹೇಳಿದ್ದನ್ನು ಅವರು ಕೇಳಲಿಲ್ಲ ಅಂತ ಬಿಡಿಸಿ ಹೇಳಬೇಕು.

ನಮ್ಮ ಆ ತಾಯಿಗೂ ಇದೇ ಕೊರಗು. ಆಮೇಲೆ ನಾನು ಅವರ ಮನೆಗೆ ಹೋಗಿದ್ದೆ. ಒಲೆಯ ಮುಂದೆ ಕೂತು ಹೇಳಿದರು: “ನನ್ ಬಾಯಿಂದ್ಲೇ ಅಲ್ವಾ ಅವ್ನು ಒಳಕ್ಕೆ ಹೋಗಿದ್ದು? ಅವ್ನ ತಾಯಿ ನನ್ನ ಶಾಪ ಹಾಕ್ಕೊಂಡೇ ಸತ್ತಿರ್ಬೇಕು.” ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಬ್ಬರೂ ಬೈಕಿನಲ್ಲಿ ಹೋಗಿದ್ದನ್ನು ನೋಡಿದ್ದರು, ನೋಡಿದ್ದನ್ನು ಹೇಳಿದರು. ಅದರ ಮೇಲೆ ಕೇಸು ಕಟ್ಟಿದ್ದು ಬೇರೆಯವರು. ಆದರೆ ಆ ಭಾರ ಈಗ ಅವರ ಎದೆ ಮೇಲೆ ಕೂತಿದೆ.

ಅಮೆರಿಕದಲ್ಲಿ ಜೆನಿಫರ್ ಥಾಮ್ಸನ್ ಅನ್ನುವ ಹೆಣ್ಣುಮಗಳು ಈ ಭಾರದ ಬಗ್ಗೆ ಬಾಯಿ ಬಿಟ್ಟು ಮಾತಾಡಿದ್ದಾರೆ. 1984ರಲ್ಲಿ, ನಾರ್ತ್ ಕ್ಯಾರೊಲಿನಾದ ಬರ್ಲಿಂಗ್ಟನ್ ಊರಲ್ಲಿ, ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಮೇಲೆ ಅತ್ಯಾಚಾರ ನಡೆಯಿತು. ಆ ಮುಖವನ್ನು ಮರೆಯಬಾರದು ಅಂತ ಅವರು ಆ ಹೊತ್ತಿನಲ್ಲೂ ನೋಡಿ ನೋಡಿ ನೆನಪಿಟ್ಟುಕೊಂಡಿದ್ದರು. ಫೋಟೋಗಳಲ್ಲಿ, ಆಮೇಲೆ ಸಾಲಾಗಿ ನಿಲ್ಲಿಸಿದವರಲ್ಲಿ, ರೊನಾಲ್ಡ್ ಕಾಟನ್ ಅನ್ನುವವನನ್ನು ಗುರುತಿಸಿದರು. ಅವನು ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದ. 1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅಪರಾಧಿ ಬೇರೊಬ್ಬ ಅಂತ ಗೊತ್ತಾಯಿತು. ಜೆನಿಫರ್ ಅಪರಾಧಿ ಭಾವದಲ್ಲಿ ನರಳಿದರು. ಅವರನ್ನೇ ಬೈದವರೂ ಇದ್ದರು. ಎರಡು ವರ್ಷದ ಮೇಲೆ ಅವರು ರೊನಾಲ್ಡ್ ಅವರನ್ನು ಮುಖಾಮುಖಿ ಭೇಟಿಯಾದರು. ರೊನಾಲ್ಡ್ ಕ್ಷಮಿಸಿದರು. ಇಬ್ಬರೂ ಸ್ನೇಹಿತರಾದರು, ಒಂದೇ ವೇದಿಕೆಯಲ್ಲಿ ನಿಂತು ಮಾತಾಡಿದರು. 2015ರಲ್ಲಿ ಜೆನಿಫರ್ ‘ಹೀಲಿಂಗ್ ಜಸ್ಟಿಸ್’ ಅನ್ನುವ ಸಂಸ್ಥೆ ಕಟ್ಟಿದರು. ತಪ್ಪಾಗಿ ಶಿಕ್ಷೆ ಅನುಭವಿಸಿದವರು, ಅಪರಾಧದಿಂದ ನೊಂದವರು, ಎರಡೂ ಕಡೆಯ ಮನೆಯವರು ಅಲ್ಲಿ ಒಟ್ಟಿಗೆ ಕೂರುತ್ತಾರೆ. ಒಂದೇ ತಪ್ಪು ಇಬ್ಬರನ್ನೂ ಹೊಡೆದಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಈ ಇಬ್ಬರೂ ಸಂತೆಯಲ್ಲಿ ಎದುರಾಗುತ್ತಾರೆ, ಒಬ್ಬರನ್ನು ಕಂಡು ಒಬ್ಬರು ಓಡುತ್ತಾರೆ.

ಇನ್ನು ನಮ್ಮ ರಾಜ್ಯದ್ದೇ ಒಂದು ಕೇಸು. ಇದರಲ್ಲಿ ಶಿಕ್ಷೆ ಆಗಿರಲಿಲ್ಲ, ವಿಚಾರಣೆ ನಡೆಯುತ್ತಿತ್ತು. ಆದರೂ ಹೇಳಲೇಬೇಕು. ಕೊಡಗಿನ ಒಬ್ಬ ಬುಡಕಟ್ಟು ಮನುಷ್ಯ ಹೆಂಡತಿ ಕಾಣೆಯಾಗಿದ್ದಾಳೆ ಅಂತ ದೂರು ಕೊಟ್ಟ. ಪಿರಿಯಾಪಟ್ಟಣದ ಕಡೆ ಒಂದು ಹೆಂಗಸಿನ ಅಸ್ಥಿಪಂಜರ ಸಿಕ್ಕಿತು. ನೀನೇ ಕೊಂದಿದ್ದೀಯ ಅಂತ ಅವನನ್ನೇ ಒಳಗೆ ಹಾಕಿದರು. ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಕಾಣಿಸಿಕೊಂಡಳು. ಮೈಸೂರಿನ ಕೋರ್ಟು ಅವನನ್ನು ಕೇಸಿನಿಂದ ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶ ಮಾಡಿತು. ಟೀವಿಯಲ್ಲಿ, ಪೇಪರಿನಲ್ಲಿ ಎಲ್ಲರೂ ಅವನ ಬಗ್ಗೆ ಮಾತಾಡಿದರು. ಮಾತಾಡಬೇಕಾದ್ದೇ. ನನಗೆ ಮಾತ್ರ ಆ ಮೂಳೆಗಳ ಚಿಂತೆ. ಅವು ಯಾರದ್ದೋ ಮಗಳದ್ದು. ಎಲ್ಲೋ ಒಂದು ಮನೆಯಲ್ಲಿ ಅವಳ ದಾರಿ ಕಾಯುವವರು ಇರಬಹುದು. ಬೇರೊಬ್ಬಳ ಹೆಸರು ಹಚ್ಚಿ ಕೇಸು ಮುಗಿಸಲು ಹೊರಟ ದಿನದಿಂದ ಅವಳನ್ನು ಹುಡುಕುವ ಕೆಲಸ ನಿಂತೇ ಹೋಯಿತು. ತಪ್ಪು ಮನುಷ್ಯನನ್ನು ಹಿಡಿದಾಗಲೆಲ್ಲ ಹೀಗೇ ಆಗುತ್ತದೆ.

ಈಗ ಕಾನೂನಿನ ವಿಷಯ. ನಾನು ವಕೀಲಳಲ್ಲ. ಆದರೆ ಮೂವತ್ತು ವರ್ಷ ಕಲಮುಗಳನ್ನು ಟೈಪ್ ಮಾಡಿದ್ದೇನೆ, ಸ್ವಲ್ಪ ತಿಳಿಯುತ್ತದೆ.

ಆ 25,000 ರೂಪಾಯಿ ಏನಾಯಿತು ಅಂತ ಕೇಳಬಹುದು. ಬರಲೇ ಇಲ್ಲ. ಶಿಕ್ಷೆಯ ವಿರುದ್ಧ ಅಪೀಲು ಇದ್ದರೆ, ಅದು ಮುಗಿಯುವವರೆಗೆ ದಂಡದ ಹಣದಿಂದ ಪರಿಹಾರ ಕೊಡುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ (ಸಿಆರ್‌ಪಿಸಿ) ಹಾಗೇ ಇತ್ತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಾಗೇ ಇದೆ. ಅಪೀಲಿನಲ್ಲಿ ಶಿಕ್ಷೆ ರದ್ದಾದರೆ ದಂಡವೂ ರದ್ದು, ಪರಿಹಾರವೂ ರದ್ದು. ಒಂಬತ್ತು ವರ್ಷ ಕಾಗದದ ಮೇಲಿದ್ದ ಹಣ ಕಾಗದದ ಮೇಲೇ ಹೋಯಿತು.

ಸರ್ಕಾರದ ಕಡೆಯಿಂದ ಪರಿಹಾರ ಕೊಡುವುದಕ್ಕೆ ಬೇರೆ ಕಲಂ ಇದೆ. ಹಿಂದೆ 357ಎ, ಈಗ 396. ಕರ್ನಾಟಕದಲ್ಲಿ ಇದಕ್ಕಾಗಿ 2011ರಿಂದ ಯೋಜನೆಯೂ ಇದೆ. ಆ ಕಲಮಿನಲ್ಲಿ ಈ ಮಾತಿಗೆ ಸಂಬಂಧಪಟ್ಟ ಸಂದರ್ಭ ಎರಡು. ಒಂದು, ಕೇಸು ಖುಲಾಸೆಯಲ್ಲಿ ಮುಗಿದರೂ ನೊಂದವರಿಗೆ ಆಸರೆ ಬೇಕು ಅನಿಸಿದರೆ ವಿಚಾರಣೆ ಮಾಡಿದ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಎರಡು, ಅಪರಾಧಿ ಪತ್ತೆಯೇ ಆಗದೆ, ವಿಚಾರಣೆಯೇ ನಡೆಯದೆ ಇದ್ದರೆ ನೊಂದವರೇ ನೇರವಾಗಿ ಅರ್ಜಿ ಹಾಕಬಹುದು. ನಮ್ಮ ತಾಯಿ ಯಾವುದಕ್ಕೆ ಸೇರುತ್ತಾರೆ ಹೇಳಿ. ವಿಚಾರಣೆ ಮಾಡಿದ ಕೋರ್ಟು ಖುಲಾಸೆ ಮಾಡಲಿಲ್ಲ, ಶಿಕ್ಷೆ ಕೊಟ್ಟಿತು. ಹಾಗಾಗಿ ಖುಲಾಸೆಯ ಮೇಲಿನ ಶಿಫಾರಸಿನ ಮಾತೇ ಆಗ ಬರಲಿಲ್ಲ. ಖುಲಾಸೆ ಆಗಿದ್ದು ಒಂಬತ್ತು ವರ್ಷದ ಮೇಲೆ, ಬೆಂಗಳೂರಿನಲ್ಲಿ. ವಿಚಾರಣೆ ನಡೆದಿರುವುದರಿಂದ ಎರಡನೆಯದಕ್ಕೂ ಸೇರುವುದಿಲ್ಲ ಅನ್ನುತ್ತಾರೆ. ಅಪರಾಧಿ ಮಾತ್ರ ಇನ್ನೂ ಪತ್ತೆಯಾಗಿಲ್ಲ. ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಒಂದು ಮನೆ ಬಿದ್ದುಹೋಗಿದೆ. ನೊಂದವರ ಪರವಾಗಿ ಬರೆದ ಕಲಮನ್ನು ನೊಂದವರ ಪರವಾಗಿಯೇ ಓದಬೇಕು. ಹಾಗೆ ಓದಿ ಅಂತ ಪ್ರಾಧಿಕಾರದಿಂದ ಎಲ್ಲ ಜಿಲ್ಲೆಗೂ ಒಂದು ಸುತ್ತೋಲೆ ಹೋದರೆ ಸಾಕು, ಎಷ್ಟೋ ಜನಕ್ಕೆ ದಾರಿ ತೆರೆಯುತ್ತದೆ. ಯೋಜನೆಯಲ್ಲಿ ಅರ್ಜಿಗೆ ಕಾಲಮಿತಿ ಇದ್ದರೆ, ಇಂಥವರಿಗೆ ಅದು ಶಿಕ್ಷೆ ರದ್ದಾದ ವಿಷಯ ತಿಳಿದ ದಿನದಿಂದ ಶುರುವಾಗಲಿ.

ತಿಳಿಸುವುದು ಅಂದೆ. ನನ್ನ ದೊಡ್ಡ ಬೇಡಿಕೆ ಅದೇ.

ಹೈಕೋರ್ಟ್ ತೀರ್ಪು ಒಪ್ಪಿಗೆ ಇಲ್ಲದಿದ್ದರೆ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ ಇರುತ್ತದೆ. ಆ ತಾಯಿಗೆ ಸುದ್ದಿ ತಿಳಿದಿದ್ದು ನಾಲ್ಕು ತಿಂಗಳಿಗೆ. ಹೋಗಬೇಕೋ ಬೇಡವೋ ಅನ್ನುವುದು ಬೇರೆ ಮಾತು. ಹೋಗದಿರುವುದೇ ಒಳ್ಳೆಯದು ಅಂತ ನಾನು ಹೇಳುತ್ತಿದ್ದೆ. ಆದರೆ ಅದು ಅವರು ತೀರ್ಮಾನ ಮಾಡಬೇಕಾಗಿದ್ದ ವಿಷಯ. 2018ರ ಅಕ್ಟೋಬರ್‌ನಲ್ಲಿ, ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ, ವಿಚಾರಣಾ ಕೋರ್ಟಿನ ಖುಲಾಸೆಯ ವಿರುದ್ಧ ಅಪೀಲು ಹಾಕಲು ನೊಂದವರು ವಿಶೇಷ ಅನುಮತಿ ಕೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಬರುವ ಹೊತ್ತಿಗೆ, ಹಲ್ಲೆಗೊಳಗಾಗಿ ಆ ಕೇಸು ಹಾಕಿದ್ದ ಮನುಷ್ಯ ತೀರಿಕೊಂಡಿದ್ದರು, ವಾರಸುದಾರರು ಕೇಸು ನಡೆಸಿದ್ದರು. 2022ರಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯ ಕೇಸಿನಲ್ಲಿ, ತನಿಖೆಯಿಂದ ಹಿಡಿದು ಅಪೀಲಿನವರೆಗೆ ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕು ಅಂತ ಅದೇ ಕೋರ್ಟು ಹೇಳಿತು. ಹಕ್ಕು ಇದೆ. ಆದರೆ ಕೇಸು ಬಂದಿದೆ ಅಂತಲೇ ಗೊತ್ತಿಲ್ಲದವರು ಆ ಹಕ್ಕನ್ನು ಇಟ್ಟುಕೊಂಡು ಏನು ಮಾಡಬೇಕು?

ಆಗುವುದಿಲ್ಲ ಅನ್ನುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಿಂದ 15ಎ ಅನ್ನುವ ಕಲಂ ಸೇರಿದೆ. ಜಾಮೀನು ಸೇರಿದಂತೆ ಕೋರ್ಟಿನ ಪ್ರತಿ ನಡೆಯನ್ನೂ ನೊಂದವರಿಗೆ ಸಮಯಕ್ಕೆ ಸರಿಯಾಗಿ ತಿಳಿಸಬೇಕು ಅಂತ ಅದರಲ್ಲಿದೆ. ಹೊಸ ಸಂಹಿತೆಯಲ್ಲಿ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ಅಥವಾ ನೊಂದವರಿಗೆ ಹೇಳಬೇಕು ಅಂತ ಇದೆ. ಶುರುವಿನಲ್ಲಿ ಹೇಳಲು ಆಗುತ್ತದೆ ಅಂದಮೇಲೆ ಕೊನೆಯಲ್ಲೂ ಆಗಬೇಕು.

ಕೊಲೆ, ಅತ್ಯಾಚಾರದಂಥ ಕೇಸಿನಲ್ಲಿ ಶಿಕ್ಷೆಯ ವಿರುದ್ಧ ಅಪೀಲು ದಾಖಲಾದ ದಿನವೇ ನೊಂದವರ ಮನೆಗೆ ಕನ್ನಡದಲ್ಲಿ ಒಂದು ಪತ್ರ ಹೋಗಲಿ. ತೀರ್ಪು ಬರುವ ಮುಂಚೆ ಇನ್ನೊಂದು. ತೀರ್ಪಿನಲ್ಲಿ ಶಿಕ್ಷೆ ರದ್ದಾದರೆ ಪತ್ರ ಸಾಲದು, ಮನುಷ್ಯರೇ ಹೋಗಬೇಕು. ಟೀವಿಯಲ್ಲಿ ಬರುವ ಮುಂಚೆ, ಅವನು ಊರಿಗೆ ಕಾಲಿಡುವ ಮುಂಚೆ ಹೋಗಬೇಕು. ಹೋಗುವವರು ಆ ಕೇಸಿನ ತನಿಖೆ ಮಾಡಿದ ಪೊಲೀಸರಾಗಿರಬಾರದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಜನರಿಗೆ ಕಾನೂನಿನ ನೆರವು ತಲುಪಿಸುವ ಅರೆ ಕಾನೂನು ಸ್ವಯಂಸೇವಕರಿದ್ದಾರೆ. ಊರಿನ ಆಶಾ ಕಾರ್ಯಕರ್ತೆಗೋ ಅಂಗನವಾಡಿ ಟೀಚರಿಗೋ ಆ ಮನೆಯ ಪರಿಚಯ ಇರುತ್ತದೆ. ಇಬ್ಬರು ಹೋಗಿ ಕೂರಲಿ. ಗಂಡಸರು ಯೂನಿಫಾರ್ಮ್ ಹಾಕಿಕೊಂಡು ಜೀಪಿನಲ್ಲಿ ಹೋಗುವುದು ಬೇಡ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಹೋದವರು ಒಂದು ವಿಷಯ ಬಿಡಿಸಿ ಹೇಳಬೇಕು. ಕೋರ್ಟು ‘ಇವನು ಮಾಡಿಲ್ಲ’ ಅಂದಿತೋ, ‘ಇವನು ಮಾಡಿದ್ದು ರುಜುವಾತಾಗಿಲ್ಲ’ ಅಂದಿತೋ? ಎರಡಕ್ಕೂ ಪೇಪರಿನಲ್ಲಿ ಒಂದೇ ಪದ, ಖುಲಾಸೆ. ಮಗನನ್ನು ಕಳೆದುಕೊಂಡವರಿಗೆ ಈ ಎರಡರ ನಡುವೆ ಅಜಗಜಾಂತರ. ಹೈಕೋರ್ಟಿನ ಹೆಚ್ಚಿನ ತೀರ್ಪುಗಳು ಇಂಗ್ಲಿಷಿನಲ್ಲಿರುತ್ತವೆ. ಎರಡು ಪುಟದಷ್ಟು ಸಾರಾಂಶವನ್ನು ತಿಳಿಗನ್ನಡದಲ್ಲಿ ಬರೆದು ಕೊಡುವುದು ದೊಡ್ಡ ಕೆಲಸವಲ್ಲ. ನಾನೇ ಮಾಡಿಕೊಡುತ್ತೇನೆ, ದುಡ್ಡು ಬೇಡ. ನನ್ನ ಹಾಗೆ ನಿವೃತ್ತರಾದವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ, ಕರೆದರೆ ಬರುತ್ತಾರೆ.

ಮನಸ್ಸಿನ ನೋವಿಗೆ ಮಾತಾಡಲು ಒಬ್ಬರು ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಅಲ್ಲಿಗೆ ಕರೆದುಕೊಂಡು ಹೋಗುವವರು ಬೇಕು ಅಷ್ಟೆ. ಒಂದು ಸಲ ಹೋಗಿ ಬಂದರೆ ಆಗುವುದಿಲ್ಲ. ಸತ್ತವರ ತಿಥಿಯ ದಿನ, ಬಿಡುಗಡೆಯಾಗಿ ಬಂದವನನ್ನು ಬಸ್ಸಿನಲ್ಲಿ ಕಂಡ ದಿನ, ಮತ್ತೆ ಎಲ್ಲಾ ಶುರುವಾಗುತ್ತದೆ.

ಗೃಹ ಸಚಿವರಲ್ಲಿ ಇನ್ನೊಂದು ಮಾತು. 2014ರ ಜನವರಿಯಲ್ಲಿ, ಗುಜರಾತಿನ ಒಂದು ಕೇಸಿನಲ್ಲಿ, ಪ್ರತಿ ಖುಲಾಸೆಯನ್ನೂ ನ್ಯಾಯ ವ್ಯವಸ್ಥೆಯ ಸೋಲು ಅಂತ ತಿಳಿಯಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಪೊಲೀಸ್ ಮತ್ತು ಅಭಿಯೋಜನೆ (ಸರ್ಕಾರದ ಪರ ಕೇಸು ನಡೆಸುವ) ಇಲಾಖೆಯ ಹಿರಿಯ ಅಧಿಕಾರಿಗಳ ಸಮಿತಿ ಮಾಡಿ, ಕೇಸು ಯಾಕೆ ಬಿತ್ತು ನೋಡಿ, ತಪ್ಪು ಮಾಡಿದವರ ಹೊಣೆ ನಿಗದಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಆದೇಶ ಮಾಡಿತು. ಆ ಸಮಿತಿ ಕಂಡುಕೊಂಡಿದ್ದನ್ನು ನೊಂದವರಿಗೂ ಹೇಳಿ. ಯಾವ ಪಂಚನಾಮೆ ತಪ್ಪಾಯಿತು, ಯಾವ ಪರೀಕ್ಷೆ ಮಾಡಿಸಲಿಲ್ಲ ಅಂತ ತಿಳಿಯುವ ಹಕ್ಕು ಅವರಿಗಲ್ಲದೆ ಇನ್ಯಾರಿಗಿದೆ? ಒಂದು ಸಲ ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವಂತಿಲ್ಲ, ಸರಿ. ಆದರೆ ಬೇರೆಯವರನ್ನು ಹುಡುಕಬಾರದು ಅಂತ ಯಾವ ಕಾನೂನೂ ಹೇಳಿಲ್ಲ. ಶಿಕ್ಷೆ ರದ್ದಾದ ಕೊಲೆ ಕೇಸಿನ ಕಡತ ಒಬ್ಬ ಹೊಸ ಅಧಿಕಾರಿಯ ಮೇಜಿಗೆ ತಾನಾಗೇ ಹೋಗಬೇಕು. ಈಗ ಅದು ರೆಕಾರ್ಡ್ ರೂಮಿಗೆ ಹೋಗುತ್ತದೆ.

ಅಲ್ಲಿಗೆ ಆ ಸಾಲು ಬಂತು. ‘ಮುದ್ದೆಮಾಲುಗಳನ್ನು ನಾಶಪಡಿಸತಕ್ಕದ್ದು.’ ಟೈಪ್ ಮಾಡುವಾಗ ಅದರ ಬಗ್ಗೆ ಒಂದು ದಿನವೂ ಯೋಚಿಸಲಿಲ್ಲ. ಅಪರಾಧಿ ಸಿಕ್ಕಿಲ್ಲ ಅಂದಮೇಲೆ ಆ ಅಂಗಿ, ಆ ಮಣ್ಣು ಬೆಲೆಯಿಲ್ಲದ ವಸ್ತು ಹೇಗಾಗುತ್ತದೆ? ಜೆನಿಫರ್ ಥಾಮ್ಸನ್ ಅವರ ಕೇಸಿನಲ್ಲಿ ಹತ್ತು ವರ್ಷ ಹಳೆಯ ಮಾದರಿಯನ್ನು ಯಾರೋ ಜೋಪಾನ ಮಾಡಿ ಇಟ್ಟಿದ್ದರು. ಅದರಿಂದ ಒಬ್ಬ ನಿರಪರಾಧಿ ಹೊರಗೆ ಬಂದ, ನಿಜವಾದ ಅಪರಾಧಿ ಯಾರು ಅಂತಲೂ ಗೊತ್ತಾಯಿತು. ಶಿಕ್ಷೆ ರದ್ದಾದ ಕೇಸುಗಳಲ್ಲಿ ಮುದ್ದೆಮಾಲು ನಾಶ ಮಾಡುವುದನ್ನು ನಿಲ್ಲಿಸಿ. ಏನನ್ನಾದರೂ ವಾಪಸ್ ಕೊಡುವುದಿದ್ದರೆ, ಇಟ್ಟುಕೊಳ್ಳುವುದಿದ್ದರೆ, ಮನೆಯವರನ್ನು ಒಂದು ಮಾತು ಕೇಳಿ.

ಮೊನ್ನೆ ಆ ತಾಯಿ ನನ್ನ ಮನೆಗೆ ಬಂದಿದ್ದರು. ಒಂದು ಅರ್ಜಿ ಬರೆದುಕೊಡಿ ಅಂದರು. ಅವರಿಗೆ ಎರಡು ವಿಷಯ ಬೇಕಾಗಿತ್ತು. ಮಗನ ಕೈಗಡಿಯಾರ ಇನ್ನೂ ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿದ್ದರೆ ಅದನ್ನು ಕೊಡಬೇಕು. ಅವನ ಅಂಗಿಯನ್ನು ಕೊಡಬಾರದು, ಸುಡಲೂಬಾರದು, ಹಾಗೇ ಇಟ್ಟಿರಬೇಕು. “ಯಾವತ್ತಾರ ಯಾರಾರ ಸಿಕ್ಕುದ್ರೆ ಬೇಕಾಗ್ತದಲ್ವ್ರಾ” ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಆ ಯುವಕನ ಮನೆ ಯಾವ ಕೇರಿಗೆ ಹೋಯಿತು ಗೊತ್ತಾ ಅಂತ ಕೇಳಿದರು. ಯಾಕೆ ಅಂತ ನಾನು ಕೇಳಲಿಲ್ಲ.

ಅರ್ಜಿ ಟೈಪ್ ಮಾಡಿದ್ದೇನೆ. ಅದರ ಜೊತೆ ಪರಿಹಾರದ ಅರ್ಜಿಯನ್ನೂ ಇಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಡುತ್ತಿದ್ದೇವೆ. ದಯವಿಟ್ಟು ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸುವಂತೆ ನಿಮ್ಮ ಕಚೇರಿಗಳಿಗೆ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಶೀಘ್ರಲಿಪಿಗಾರ್ತಿ